ಸಿಂಕ್ ಕೆಳಗೆ ತೊಟ್ಟಿಕ್ಕುವ ನೀರು

ಸಿಂಕ್ ಕೆಳಗೆ ಮಗ್ ಇಟ್ಟು ಎಷ್ಟು ದಿನ ಆಯ್ತು? ಸೆಕೆಂಡಿಗೊಂದು ತೊಟ್ಟು ಅಂದ್ರೂ ದಿನಕ್ಕೆ ಸುಮಾರು 4 ಲೀಟರ್. 2024ರ ಬೇಸಿಗೆಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಟ್ಯಾಂಕರ್‌ಗೆ ಕಾದವರಿಗೆ ಇದರ ಬೆಲೆ ಗೊತ್ತು. ಕಾವೇರಿ ನೀರಾದ್ರೂ ಅಷ್ಟೇ, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರೋದು.

ಮೊದಲು ಒಣ ಟಿಶ್ಯೂನಲ್ಲಿ ಒರೆಸಿ, ನೀರು ಎಲ್ಲಿಂದ ಬರ್ತಿದೆ ನೋಡಿ. ಕನೆಕ್ಷನ್ ಪೈಪಿನ ನಟ್ ಹತ್ರ ಆದ್ರೆ ಒಳಗಿನ ರಬ್ಬರ್ ವಾಷರ್ ಬದಲಿಸಿ. ಅಲ್ಲಿ ಟೇಪ್ ಸುತ್ತಿ ಪ್ರಯೋಜನ ಇಲ್ಲ.

ಗೋಡೆ ಹತ್ರ, ಆಂಗಲ್ ಕಾಕ್ ಬುಡದಲ್ಲಾದ್ರೆ ಟೆಫ್ಲಾನ್ ಟೇಪ್ ಬೇಕು. ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ನಲ್ಲಿ ಬಿಟ್ಟು ಪೈಪ್ ಖಾಲಿ ಮಾಡಿ, ಕಾಕ್ ಬಿಚ್ಚಿ. ನಮ್ಮ ಬೋರ್‌ವೆಲ್ ನೀರು ಗಡಸು, ಥ್ರೆಡ್‌ನಲ್ಲಿ ಬಿಳಿ ಉಪ್ಪು ಕಟ್ಟಿರುತ್ತೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ.

ಥ್ರೆಡ್ ತುದಿ ನಿಮ್ಮ ಕಡೆಗಿರಲಿ. ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ಟೇಪ್ ಎಳೆದು ಸುತ್ತಿ, ಐದಾರು ಸುತ್ತು. ಉಲ್ಟಾ ಸುತ್ತಿದ್ರೆ ತಿರುಪುವಾಗ ಬಿಚ್ಚಿಕೊಳ್ಳುತ್ತೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್. ದಯವಿಟ್ಟು ಜಾಸ್ತಿ ಬಲ ಹಾಕ್ಬೇಡಿ. ಗೋಡೆಯೊಳಗಿನ ಸಿಪಿವಿಸಿ ಎಲ್ಬೋ ಬಿರುಕು ಬಿಟ್ರೆ ಟೈಲ್ಸೇ ಒಡೀಬೇಕಾಗುತ್ತೆ.

ವಾಲ್ವ್ ತೆರೆದು, ಅದೇ ಜಾಗದ ಕೆಳಗೆ ಒಣ ಟಿಶ್ಯೂ ಒಂದು ಗಂಟೆ ಇಡಿ. ಒದ್ದೆ ಆಗದಿದ್ರೆ ಮಗ್ ತೆಗೀಬಹುದು.