ಇಸ್ಪೀಟಿನ ಜಾದೂ: ಕಟ್ಟು ಕೊಳ್ಳುವ ಮುನ್ನ

ಇಸ್ಪೀಟಿನ ಎಲೆಗಳಿಂದ ಜಾದೂ ಮಾಡಬೇಕೆಂಬ ಹಂಬಲವುಳ್ಳ ತರುಣರು ಮೊದಲು ಕೇಳುವುದು, 'ಯಾವ ಕಟ್ಟು ಕೊಳ್ಳಲಿ?' ಎಂದು. ವರ್ಷಗಟ್ಟಲೆ ಕೈಚಳಕ ಅಭ್ಯಾಸ ಮಾಡುವುದಕ್ಕಿಂತ, ಕೆಲಸವನ್ನೆಲ್ಲ ತಾನೇ ಮಾಡಿಕೊಡುವ ಕಟ್ಟೊಂದನ್ನು ಹಣ ಕೊಟ್ಟು ತರುವುದು ಲೇಸೆಂದು ಅವರಿಗೆ ತೋರುವುದು ಸಹಜ. ಹೀಗೆ ಒಳಗೆ ಉಪಾಯ ಅಡಗಿಸಿದ ಸಾಧನಗಳಿಗೆ ಜಾದೂಗಾರರು 'ಗಿಮಿಕ್' ಎನ್ನುತ್ತಾರೆ. ಅವನ್ನು ಒರೆಗೆ ಹಚ್ಚುವ ಬಗೆಯನ್ನು ಇಂದು ಕೊಂಚ ವಿಚಾರ ಮಾಡೋಣ. ನಾನು ಎಲೆ ಹಿಡಿದು ನಿಲ್ಲುವುದು ಹೆಚ್ಚಾಗಿ ಕುಂದಾಪುರ ಸೀಮೆಯ ಅಮಾಸೆಬೈಲಿನ ಸುತ್ತಮುತ್ತ. ಆದ್ದರಿಂದ ನನ್ನ ಅಳತೆಗೋಲೂ ಅಲ್ಲಿಯದೇ.

ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಗಿಮಿಕ್ ಕಟ್ಟೆಂದರೆ 'ಸ್ವೆಂಗಾಲಿ'. ಜಾರ್ಜ್ ದು ಮೊರಿಯೇ 1894ರಲ್ಲಿ ಬರೆದ 'ಟ್ರಿಲ್ಬಿ' ಕಾದಂಬರಿಯಲ್ಲಿ ಬರುವ ಸಮ್ಮೋಹನಕಾರನ ಹೆಸರು ಅದು. ಅಮೆರಿಕದ ಜಾದೂಗಾರ ಬರ್ಲಿಂಗ್ ಹಲ್ ಇದನ್ನು ರೂಪಿಸಿದವನು ತಾನೇ ಎಂದು ಹೇಳಿಕೊಂಡಿದ್ದ. ಇದರ ಗುಟ್ಟನ್ನು ಇಲ್ಲಿ ಹೇಳಿದರೆ ದ್ರೋಹವೇನೂ ಆಗದು. ಬೀದಿಯಲ್ಲಿ ಮಾರುವವನು ಕಟ್ಟಿನ ಜೊತೆಗೆ ಮಾರುವುದು ಆ ಗುಟ್ಟನ್ನೇ ತಾನೆ? 52 ಎಲೆಗಳಲ್ಲಿ 26 ಬೇರೆ ಬೇರೆ; ಉಳಿದ 26 ಎಲ್ಲವೂ ಒಂದೇ, ಆಟಿನ್ ರಾಣಿ ಎಂದಿಟ್ಟುಕೊಳ್ಳಿ. ಈ ರಾಣಿಯರು ಉದ್ದದಲ್ಲಿ ಕೂದಲೆಳೆಯಷ್ಟು ಗಿಡ್ಡ. ಒಂದು ಗಿಡ್ಡ, ಒಂದು ಉದ್ದ ಎಂದು ಹೆಣೆದು ಜೋಡಿಸಿರುತ್ತಾರೆ. ಕಟ್ಟಿನ ಅಂಚನ್ನು ಬೆರಳಿನಿಂದ ಬಿಡುತ್ತ ಹೋದರೆ ಗಿಡ್ಡ ಎಲೆ ಉದ್ದದ್ದರ ಬೆನ್ನಿಗೆ ಅಂಟಿದಂತೆ ಜೋಡಿಯಾಗಿಯೇ ಬೀಳುತ್ತದೆ. ನೋಡುವವನಿಗೆ ಕಾಣುವುದು ಬೇರೆ ಬೇರೆ ಎಲೆಗಳು. 'ನಿಲ್ಲಿಸಿ' ಎಂದಲ್ಲಿ ಅವನ ಕೈಗೆ ಬರುವುದು ಮಾತ್ರ ರಾಣಿ.

ಉಪಾಯ ಚೆಲುವಾದದ್ದೆಂಬುದರಲ್ಲಿ ಸಂಶಯವಿಲ್ಲ. ಬೆನ್ನ ಹಿಂದೆ ಕುಳಿತವನ ಭಯವೂ ಇದಕ್ಕಿಲ್ಲ. ನಮ್ಮಲ್ಲಿ ಇದು ಸಣ್ಣ ಗುಣವಲ್ಲ. ಬಯಲಾಟದ ರಂಗಸ್ಥಳಕ್ಕಾದರೂ ಮೂರೇ ಕಡೆ ಪ್ರೇಕ್ಷಕರು. ಮದುವೆಯ ಮುನ್ನಾದಿನ ರಾತ್ರಿ ಮನೆಯಂಗಳದಲ್ಲಿ ಎಲೆ ಹಿಡಿದವನನ್ನು ನಾಲ್ಕೂ ಕಡೆಯಿಂದ ಮುತ್ತಿಕೊಂಡಿರುತ್ತಾರೆ.

ತೊಡಕಿರುವುದು ಕಣ್ಣಲ್ಲಲ್ಲ, ಕೈಯಲ್ಲಿ. ಅಂಗಳದಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ರಮ್ಮಿಯನ್ನೋ ಇಪ್ಪತ್ತೆಂಟನ್ನೋ ಆಡಿ ಬೆರಳು ಪಳಗಿಸಿಕೊಂಡವರು. ಎಲೆಯ ಅಂಚು ಒಂದಿಷ್ಟು ಮುಕ್ಕಾಗಿದ್ದರೂ ಕತ್ತಲೆಯಲ್ಲೇ ಗುರುತಿಸಬಲ್ಲವರು. ಆಟ ಮುಗಿಯುವ ಮೊದಲೇ ಒಬ್ಬರು ಕೈ ಚಾಚುತ್ತಾರೆ: 'ಎಲೆ ಒಂಚೂರ್ ಕೊಡಿ, ಕಾಂಬ.' ಪಟ್ಟಣದ ಸಭಾಂಗಣದಲ್ಲಿ ಯಾರೂ ಹೀಗೆ ಕೇಳುವುದಿಲ್ಲ. ಕೇಳಿದರೂ ಜಾದೂಗಾರ ನಕ್ಕು ಮುಂದಿನ ಆಟಕ್ಕೆ ಹೋಗಬಹುದು. ನಾಳೆ ಅವನ ಎದುರಿರುವುದು ಬೇರೆ ಸಭೆ. ಹಳ್ಳಿಯಲ್ಲಿ ಪ್ರದರ್ಶನ ಕೊಡುವವನಿಗೆ ಮುಂದಿನ ವರ್ಷವೂ ಇದೇ ಮುಖಗಳು. ಎಲೆ ಕೊಡದೆ ಜೇಬಿಗೆ ಸೇರಿಸಿದನೋ, 'ಅದ್ ಎಲೆಯೇ ಬೇರೆ ಮಾರಾಯ್ರೆ' ಎಂಬ ಮಾತು ಅವನಿಗಿಂತ ಮೊದಲು ಊರು ಸುತ್ತುತ್ತದೆ. ಅಲ್ಲಿಂದ ಮುಂದೆ ಅವನು ಪ್ರಾಮಾಣಿಕವಾಗಿ ಕೈಚಳಕವನ್ನೇ ತೋರಿದರೂ ನಂಬುವವರಿಲ್ಲ. ಹಾಗಾಗಿ ಗಿಮಿಕ್ ಆಟದ ಬೆಲೆಯನ್ನು ಮೊದಲ ಚಪ್ಪಾಳೆಯಿಂದ ಅಳೆಯದೆ, ಅದೇ ಅಂಗಳಕ್ಕೆ ಎರಡನೆಯ ಸಲ ಹೋಗುವ ಧೈರ್ಯ ಉಳಿಯುತ್ತದೆಯೇ ಎಂಬುದರಿಂದ ಅಳೆಯಬೇಕೆಂದು ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ, ಸ್ವೆಂಗಾಲಿಯನ್ನು ಮಾರುವವರು ಯಾವುದನ್ನು ಕಿರೀಟವೆಂದು ಹೊಗಳುತ್ತಾರೋ ಅದೇ ಅದರ ಕೊರಳಿಗೆ ಉರುಲು. ಕೊನೆಯಲ್ಲಿ ಇಡೀ ಕಟ್ಟೇ ಆಟಿನ್ ರಾಣಿಯಾಯಿತೆಂದು ತೋರಿಸುತ್ತಾರಲ್ಲ, ಅದು. ಜನ ಒಂದು ಕ್ಷಣ ಹೋ ಎನ್ನುತ್ತಾರೆ, ನಿಜ. ಮರುಕ್ಷಣ ಯೋಚಿಸುತ್ತಾರೆ: ಅಂಗಡಿಯ ಕಟ್ಟಿನಲ್ಲಿ ಇಷ್ಟು ರಾಣಿಯರು ಎಲ್ಲಿಂದ ಬಂದರು? ಗುಟ್ಟನ್ನು ಜಾದೂಗಾರನೇ ಡಂಗುರ ಸಾರಿದಂತಾಯಿತು. ಈ ಕಟ್ಟನ್ನು ಬಳಸಲೇಬೇಕೆಂದರೆ ಒಂದೇ ಒಂದು ಎಲೆ ಆರಿಸುವಷ್ಟಕ್ಕೆ ಬಳಸಿ ಸುಮ್ಮನಾಗಬೇಕು. ಮೊದಲು ಸಾಧಾರಣ ಕಟ್ಟನ್ನು ಅವರ ಕೈಗೇ ಕೊಟ್ಟು ಕಲಸಲು ಹೇಳಿ. ಹಿಂದಕ್ಕೆ ಪಡೆದು, ಎಲೆಅಡಿಕೆಯ ಸಂಚಿಗೋ ಕರವಸ್ತ್ರಕ್ಕೋ ಜೇಬಿನಲ್ಲಿ ತಡಕಾಡುವ ನೆಪದಲ್ಲಿ ಬದಲಾಯಿಸಿ. ಆಟ ಮುಗಿದೊಡನೆ ಮತ್ತೆ ಸಾಧಾರಣದ್ದನ್ನೇ ಹೊರಗಿಡಿ. ಈ ಬದಲಾವಣೆ ಬಾರದವನು ಗಿಮಿಕ್ ಕೊಳ್ಳುವುದು, ದೋಣಿಯಿಲ್ಲದೆ ಹುಟ್ಟು ಕೊಂಡಂತೆ.

ಇನ್ನೊಂದು ಮಾತು. ಹೊರಗಿನಿಂದ ತರಿಸುವ ಕಟ್ಟುಗಳ ಬೆನ್ನಿನಲ್ಲಿ ಅನೇಕ ವೇಳೆ ಅಮೆರಿಕದ 'ಬೈಸಿಕಲ್' ಎಲೆಯ ಚಿತ್ತಾರವಿರುತ್ತದೆ. ಆ ಚಿತ್ತಾರದ ಎಲೆಯಿಂದ ನಮ್ಮ ಅಂಗಳಗಳಲ್ಲಿ ಯಾರೂ ಆಡುವುದಿಲ್ಲ. ಕಂಡೊಡನೆಯೇ ಅನುಮಾನ. ಬೆಳಕಿನ ವಿಷಯವೂ ಹಾಗೆಯೇ. ಪೆಟ್ರೋಮ್ಯಾಕ್ಸಿನ ಕಾಲದಲ್ಲಿ ನೆರಳು ಎಷ್ಟೋ ಕುಂದುಗಳನ್ನು ನುಂಗಿಹಾಕುತ್ತಿತ್ತು. ಸೌರದೀಪಗಳ ಗ್ರಾಮವೆಂದು ಹೆಸರಾದ ಅಮಾಸೆಬೈಲಿನಲ್ಲಿ ಈಗ ಎಲೆಯ ಅಂಚು ಸ್ಪಷ್ಟವಾಗಿ ಕಾಣುತ್ತದೆ.

1936ರಲ್ಲಿ ಜೋ ಬರ್ಗ್ ಬಳಕೆಗೆ ತಂದ 'ಅಲ್ಟ್ರಾ ಮೆಂಟಲ್' ಎಂಬ ಕಟ್ಟು ಇನ್ನೂ ಬೆರಗು ಹುಟ್ಟಿಸುವಂಥದು. ಮನಸ್ಸಿನಲ್ಲಿ ನೆನೆದ ಎಲೆಯೊಂದೇ ಕಟ್ಟಿನಲ್ಲಿ ಮಗುಚಿ ಬಿದ್ದಿರುತ್ತದೆ. ಎಲೆಗಳ ಬೆನ್ನಿಗೆ ಒರಟು ಲೇಪ ಹಚ್ಚಿ ಎರಡೆರಡನ್ನು ಕಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಇದನ್ನೂ ಕೈಗೆ ಕೊಡುವಂತಿಲ್ಲ. ವರ್ಷಕ್ಕೊಮ್ಮೆ, ಒಬ್ಬರೇ ಹಿರಿಯರ ಮುಂದೆ ಮಾಡಿದರೆ ಸೊಗಸು.

ನನ್ನ ಓಟು ಇವೆರಡಕ್ಕೂ ಅಲ್ಲ, ಹಳೆಯ 'ಸ್ಟ್ರಿಪ್ಪರ್' ಕಟ್ಟಿಗೆ. ಇದರಲ್ಲಿ 52 ಎಲೆಗಳೂ ನಿಜವಾದವೇ. ಒಂದು ತುದಿ ಇನ್ನೊಂದಕ್ಕಿಂತ ತುಸು ಕಿರಿದಾಗುವಂತೆ ಕತ್ತರಿಸಿರುತ್ತಾರೆ, ಅಷ್ಟೆ. ಆರಿಸಿದ ಎಲೆಯನ್ನು ತಿರುಗಿಸಿ ಕಟ್ಟಿನೊಳಗಿಟ್ಟರೆ ಅದರ ಅಗಲದ ತುದಿ ಬೆರಳಿಗೆ ತಾಗುತ್ತದೆ. ಎಷ್ಟು ಕಲಸಿದರೂ ಎಳೆದು ತೆಗೆಯಬಹುದು. ಅಂಗಡಿಯಲ್ಲಿ ಸಿಗುವ, ಮನೆಮನೆಯಲ್ಲೂ ಆಡುವ ಕಟ್ಟನ್ನೇ ಮುದ್ರಣಾಲಯದ ಕತ್ತರಿಸುವ ಯಂತ್ರಕ್ಕೆ ಕೊಟ್ಟು ಮಾಡಿಸಿಕೊಳ್ಳಬಹುದು. ಮೂಲೆಗಳನ್ನು ಮತ್ತೆ ದುಂಡಗೆ ಮಾಡಲು ಮಾತ್ರ ತಾಳ್ಮೆ ಬೇಕು. ಕೈಯಲ್ಲಿ ಹಿಡಿದು ಕಲಸುವವರಿಗೆ ಇದನ್ನು ನಿರ್ಭಯವಾಗಿ ಕೊಡಬಹುದು. ಚಾಪೆಯ ಮೇಲೆ ಸುರುವಿ ಎರಡೂ ಕೈಯಿಂದ ಕಲಸುವ ಮಹನೀಯರಿಗೆ ಕೊಟ್ಟಿರೋ, ಎಲೆಗಳೆಲ್ಲ ದಿಕ್ಕಾಪಾಲಾಗಿ ಆಟ ಅಲ್ಲಿಗೇ ಮುಗಿಯಿತು. ಅಂಥವರನ್ನು ಮೊದಲೇ ಗುರುತಿಸಿಟ್ಟುಕೊಳ್ಳುವುದು ಜಾಣತನ.

ಯಾವ ಕಟ್ಟನ್ನೇ ಆಗಲಿ, ಆಷಾಢ ಶ್ರಾವಣಗಳಲ್ಲಿ ಹೊಸದಾಗಿ ಬಿಚ್ಚಬೇಡಿ. ಘಟ್ಟದ ಬುಡದ ಮಳೆಗೆ ಕಾಗದದ ಎಲೆ ನೀರು ಕುಡಿದು ಬಾಗುತ್ತದೆ. ಬಾಗಿದ ಮೇಲೆ ಗಿಡ್ಡವೂ ಉದ್ದವೂ ಒಂದೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮೇಲೊಂದು ಭಾರವಿಟ್ಟು ಚಪ್ಪಟೆಯಾಗಿ ಕಾಯ್ದಿಟ್ಟರೆ ದೀಪಾವಳಿಯ ಹೊತ್ತಿಗೆ ಬಳಸಲು ಬರುತ್ತದೆ.