ಸೋಮನಾಥಪುರದ ಕಲ್ಲಿನ ತೆನೆ, ಪೆರುವಿನ ಚಿನ್ನದ ಶೇಂಗಾ

(ಆಡಿಯೊ ಸಂಚಿಕೆಯ ಬರಹ ರೂಪ)

ಈ ಸಲದ ಸಂಚಿಕೆ ಹುಟ್ಟಿದ್ದು ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ.

ನನ್ನೂರು ಬೆಳವಣಕಿ, ಗದಗ ಜಿಲ್ಲೆಯ ರೋಣ ತಾಲ್ಲೂಕು. ಎರೆ ಹೊಲದ ಸೀಮೆ. ನಮ್ಮ ಕಾಕಾ ಒಂದು ದಿನ ಬೆಳಗ್ಗೆ ಗ್ರೂಪಿಗೆ ಒಂದು ಫೋಟೊ ಹಾಕಿದರು. ಸೋಮನಾಥಪುರದ ಕೇಶವ ದೇವಾಲಯದ ಗೋಡೆಯ ಶಿಲ್ಪ. ಕೈಯಲ್ಲಿ ಉದ್ದನೆಯ ವಸ್ತು, ಅದರ ಮೈತುಂಬ ಸಾಲು ಸಾಲು ಕಾಳು. ಕೆಳಗೆ ಬರೆದಿತ್ತು: ಕೊಲಂಬಸ್‌ಗಿಂತ ಇನ್ನೂರು ವರ್ಷ ಮೊದಲೇ ನಮ್ಮವರ ಹತ್ತಿರ ಗೋವಿನಜೋಳ ಇತ್ತು, ಅಮೆರಿಕಕ್ಕೆ ಕಲಿಸಿದ್ದೇ ನಾವು!

ಗೋವಿನಜೋಳ ಅಂದ್ರೆ ಮೈಸೂರು ಕಡೆಯವರ ಮುಸುಕಿನ ಜೋಳ, ಮೆಕ್ಕೆಜೋಳ. ಫೋಟೊ ನೋಡಿದರೆ ನಿಜಕ್ಕೂ ತೆನೆ ಥರಾನೇ ಇದೆ, ಸುಳ್ಳು ಹೇಳಲ್ಲ. ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ತೆನಿ ಖರೆ ಕಂಡಂಗ ಕಾಣ್ತೈತಿ ತಮ್ಮಾ. ಆದ್ರ ನಾವು ಸಣ್ಣಾವ್ರಿದ್ದಾಗ ನಮ್ಮ ಹೊಲದಾಗ ಗೋವಿನಜೋಳ ಎಲ್ಲಿತ್ತು? ಬರೇ ಬಿಳಿಜೋಳ" ಅಂದಳು.

ಇದು ಬರೀ ಫಾರ್ವರ್ಡ್ ಮೆಸೇಜ್ ಅಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಅಮೆರಿಕದ ಭೂಗೋಳ ತಜ್ಞ ಕಾರ್ಲ್ ಜೊಹಾನೆಸ್ಸೆನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಇದನ್ನೇ ವಾದಿಸಿದ್ದರು: ಹೊಯ್ಸಳ ಶಿಲ್ಪಗಳ ಕೈಯಲ್ಲಿರೋದು ಗೋವಿನಜೋಳದ ತೆನೆ. ತೆನೆಯ ಆಕಾರ, ಕಾಳಿನ ಸಾಲು ಎಲ್ಲವನ್ನೂ ಮುಂದಿಟ್ಟಿದ್ದರು. ಅದಕ್ಕೆ ಎದುರು ನಿಂತವರು ಭಾರತದ ಗೋವಿನಜೋಳ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್. ಸೋಮನಾಥಪುರದಲ್ಲಿ ಕೆತ್ತಿರೋದು ಗೋವಿನಜೋಳ ಅಲ್ಲ ಅಂತ 1993ರ ಲೇಖನದ ತಲೆಬರಹದಲ್ಲೇ ಹೇಳಿಬಿಟ್ಟರು. ಅವರ ಪ್ರಕಾರ ಅದು ಮುಕ್ತಾಫಲ, ಅಂದರೆ ಮುತ್ತುಗಳಿಂದಾದ ಕಲ್ಪನೆಯ ಹಣ್ಣು. ನಮ್ಮ ಶಿಲ್ಪಗಳ ಕೈಯಲ್ಲಿ ಮಾದಳದಂಥ ಹಣ್ಣು ಇರೋದೂ ಹೊಸದಲ್ಲ. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲೂ ಇದೆ.

ನಾನು ಪಾಯಕ್, ಸಚನ್ ಕಡೆ. ಯಾಕಂದ್ರೆ ಬೆಳೆ ಅಂದಮೇಲೆ ಬರೀ ಕಲ್ಲಲ್ಲಿ ಇರೋದಿಲ್ಲ, ಬೂದಿಯಲ್ಲೂ ಇರುತ್ತೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸಾವಿರಾರು ವರ್ಷ ಹಳೆಯ, ಸುಟ್ಟು ಕರಿಯಾದ ಹುರುಳಿ, ಹೆಸರು ಕಾಳು ಸಿಕ್ಕಿವೆ. ಮೆಕ್ಸಿಕೊದ ಓಹಾಕಾ ಸೀಮೆಯ ಗಿಲಾ ನಕೀಟ್ಸ್ ಗುಹೆಯಲ್ಲಿ ಸುಮಾರು 6,250 ವರ್ಷ ಹಳೆಯ ಗೋವಿನಜೋಳದ ದಿಂಡುಗಳೇ ಸಿಕ್ಕಿವೆ. ಜಗತ್ತಿನ ಎಲ್ಲ ಗೋವಿನಜೋಳದ ಮೂಲ ದಕ್ಷಿಣ ಮೆಕ್ಸಿಕೊದ ತಿಯೊಸಿಂಟೆ ಅನ್ನೋ ಕಾಡು ಹುಲ್ಲು ಅಂತ ಡಿಎನ್‌ಎ ಹೇಳುತ್ತೆ. ಅದರ ತೆನೆಯಲ್ಲಿ ಗಟ್ಟಿ ಸಿಪ್ಪೆಯ ನಾಲ್ಕಾರು ಕಾಳು, ಅಷ್ಟೇ. ಅದನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ ಇವತ್ತಿನ ತೆನೆ ಮಾಡಿದ್ದು ಅಲ್ಲಿನ ರೈತರು. ಸುಮಾರು 9,000 ವರ್ಷದ ಕೆಲಸ. ನಮ್ಮ ದೇಶಕ್ಕೆ ಅದು ಬಂದಿದ್ದು ಪೋರ್ಚುಗೀಸರ ಕಾಲದಲ್ಲಿ ಅನ್ನೋದೇ ಹೆಚ್ಚಿನ ವಿದ್ವಾಂಸರ ಮಾತು.

ಆ ರೈತರ ಕಲೆಯಲ್ಲಿ ತೆನೆ ಹುಡುಕಬೇಕಿಲ್ಲ, ತಾನೇ ಎದುರು ಬರುತ್ತೆ. ಮಾಯಾ ಜನರಿಗೆ ಗೋವಿನಜೋಳದ ದೇವರೇ ಇದ್ದಾನೆ. ಹೊಂಡುರಾಸ್‌ನ ಕೊಪಾನ್‌ನಲ್ಲಿ ಕ್ರಿ.ಶ. 715ರ ಸುಮಾರಿಗೆ ಕಟ್ಟಿದ ಗುಡಿಯಲ್ಲಿ ಅವನ ಕಲ್ಲಿನ ಮೂರ್ತಿ ಇತ್ತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹರೆಯದ ಹುಡುಗ, ಕಣ್ಣು ಮುಚ್ಚಿದ್ದಾನೆ, ತಲೆಯ ಮೇಲಿನ ಅಲಂಕಾರ ತೆನೆಯಂತೆ, ಕೂದಲು ತೆನೆಯ ರೇಷ್ಮೆಯಂತೆ. ಮಾಯಾ ಕಥೆಯ ಪ್ರಕಾರ ದೇವರುಗಳು ಮೊದಲು ಮಣ್ಣಿನಿಂದ, ಆಮೇಲೆ ಕಟ್ಟಿಗೆಯಿಂದ ಮನುಷ್ಯರನ್ನು ಮಾಡಿ ಸೋತರು. ಕೊನೆಗೆ ಗೋವಿನಜೋಳದ ಹಿಟ್ಟು ನಾದಿ ಮಾಡಿದಾಗ ಸರಿಹೋಯ್ತು. ಗ್ವಾಟೆಮಾಲಾದ ಸಾನ್ ಬಾರ್ತೊಲೊದಲ್ಲಿ ಇದೇ ದೇವರ ಭಿತ್ತಿಚಿತ್ರಗಳು 2001ರಲ್ಲಿ ಬೆಳಕಿಗೆ ಬಂದವು. ಅವು ಸುಮಾರು ಎರಡು ಸಾವಿರ ವರ್ಷ ಹಳೆಯವು. ಇನ್ನೊಂದು ಮಾತು, ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಶಿಲ್ಪದ ಕೆಳಗೆ ಹೆಸರು ಕೆತ್ತಿದ ಹಾಗೆ ಮಾಯಾ ಕಲಾವಿದರಲ್ಲೂ ಕೆಲವರು ತಮ್ಮ ಕೆಲಸದ ಮೇಲೆ ಹೆಸರು ಬರೆದಿದ್ದಾರೆ. ಇದು ನನಗೆ ತುಂಬ ಇಷ್ಟವಾದ ಸಂಗತಿ.

ಇನ್ನು ಶೇಂಗಾ. ನಮ್ಮ ಕಡೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಗಂಟಲಿಗೆ ಇಳಿಯಲ್ಲ. ಅದೂ ದಕ್ಷಿಣ ಅಮೆರಿಕದ್ದೇ. ಪೆರುವಿನ ಸಿಪಾನ್‌ನಲ್ಲಿ 1987ರಲ್ಲಿ ವಾಲ್ಟರ್ ಆಲ್ವಾ ತಂಡ ಮೋಚೆ ದೊರೆಯೊಬ್ಬನ ಸಮಾಧಿ ಅಗೆಯಿತು. ಅದರಲ್ಲಿ ಒಂದು ಸರ ಸಿಕ್ಕಿತು: ಹತ್ತು ಚಿನ್ನದ ಶೇಂಗಾ, ಹತ್ತು ಬೆಳ್ಳಿಯ ಶೇಂಗಾ. ಚಿನ್ನದವು ದೊರೆಯ ಬಲಕ್ಕೆ, ಬೆಳ್ಳಿಯವು ಎಡಕ್ಕೆ. ಸಿಪ್ಪೆಯ ಮೇಲಿನ ಗೆರೆ ಕೂಡ ಬಿಟ್ಟಿಲ್ಲ. ಅಜ್ಜಿಗೆ ತೋರಿಸಿದೆ. ನಗಲಿಲ್ಲ. "ನಮ್ಮ ಬೋರಮಾಳ ಮತ್ತೇನು? ಬೋರಿಹಣ್ಣ ಅಲ್ಲೇನು? ಅವಲಕ್ಕಿ ಸರ ಇಲ್ಲೇನು?" ಅಂದಳು. ನನಗೆ ಇದು ಹೊಳೆದೇ ಇರಲಿಲ್ಲ.

ಇಷ್ಟೆಲ್ಲಾ ಉಳಿದಿದ್ದೇ ಪುಣ್ಯ ಅನ್ನಬೇಕು. ಕುಸ್ಕೊದ ಇಂಕಾ ಸೂರ್ಯದೇಗುಲದ ತೋಟದಲ್ಲಿ ಚಿನ್ನದ ಗೋವಿನಜೋಳದ ಗಿಡಗಳಿದ್ದವು ಅಂತ ಸ್ಪೇನಿನವರೇ ಬರೆದಿದ್ದಾರೆ. ಇಂಕಾಗಳ ಚಿನ್ನ ಬಹುಪಾಲು ಸ್ಪೇನಿನವರ ಕೈಯಲ್ಲಿ ಕರಗಿ ಗಟ್ಟಿಯಾಯಿತು. ಇಂಕಾ ಕಾಲದ ಒಂದು ಬೆಳ್ಳಿ ಬೆರಕೆಯ ತೆನೆ ಬರ್ಲಿನ್ನಿನ ಮ್ಯೂಸಿಯಂನಲ್ಲಿ ಉಳಿದಿದೆ. ಮಾಯಾ ಪುಸ್ತಕಗಳ ಕಥೆ ಇನ್ನೂ ಕೆಟ್ಟದ್ದು. 1562ರಲ್ಲಿ ಮಾನಿ ಅನ್ನೋ ಊರಲ್ಲಿ ಡಿಯೆಗೊ ದೆ ಲಾಂಡಾ ಅನ್ನೋ ಪಾದ್ರಿ ಅವನ್ನು ಬೆಂಕಿಗೆ ಹಾಕಿಸಿದ. ಇವತ್ತು ಜಗತ್ತಿನಲ್ಲಿ ಉಳಿದಿರೋದು ನಾಲ್ಕೇ.

ಅದಕ್ಕೇ ಕಾಕಾನ ಮೆಸೇಜಿನ ಕೊನೆಯ ಭಾಗ ನನಗೆ ಚುಚ್ಚಿದ್ದು. ತೆನೆನೋ ಮುತ್ತೋ ಅನ್ನೋ ಜಗಳ ಇರಲಿ, ಅದು ಒಳ್ಳೆಯ ಜಗಳ. ಆದರೆ 'ಕಲಿಸಿದ್ದೇ ನಾವು' ಅಂದಾಗ, ಪುಸ್ತಕ ಸುಟ್ಟು, ಚಿನ್ನ ಕರಗಿಸಿ ಆದಮೇಲೂ ಅವರ ಕೈಯಲ್ಲಿ ಉಳಿದಿದ್ದ ಬೆಳೆಯನ್ನೂ ನಾವು ಕಸಿದುಕೊಂಡ ಹಾಗಾಗುತ್ತೆ. ಮಾಯಾ ಮನೆತನಗಳು ಗ್ವಾಟೆಮಾಲಾ, ಮೆಕ್ಸಿಕೊದಲ್ಲಿ ಇವತ್ತೂ ಅದೇ ಬಿತ್ತುತ್ತಿವೆ. ನಮ್ಮ ಸೂಡಿಯ ನಾಗಕುಂಡವನ್ನು ಯಾರೋ ಬಂದು 'ಇದು ನಿಮ್ಮವರು ಕಟ್ಟಿದ್ದಲ್ಲ' ಅಂದ್ರೆ ಕಾಕಾ ಸುಮ್ಮನಿರ್ತಾರಾ? ಇದನ್ನೇ ಗ್ರೂಪಿನಲ್ಲಿ ಬರೆದೆ, "ಕಾಕಾ, ಸಿಟ್ಟಾಗಬ್ಯಾಡ್ರಿ" ಅಂತ ಸೇರಿಸಿ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಸಂಜೆ ಚಹಾಕ್ಕೆ ಬಂದಾಗ ಮಾತ್ರ, "ಆ ಶೇಂಗಾ ಸರದ ಫೋಟೊ ಕಳಸು" ಅಂದರು.

ಒಂದು ಚಿಕ್ಕ ಸಂಗತಿ ಬಾಕಿ. ಗೋವಿನಜೋಳದ ಹೂವು ಜೋಡಿಜೋಡಿಯಾಗಿ ಕೂರೋದರಿಂದ ತೆನೆಯಲ್ಲಿ ಕಾಳಿನ ಸಾಲು ಹೆಚ್ಚೂಕಮ್ಮಿ ಯಾವಾಗಲೂ ಸಮಸಂಖ್ಯೆ. ನಂಬಿಕೆ ಬರದಿದ್ದರೆ ಎಣಿಸಿ. ನಾನೂ ಅಜ್ಜಿಯೂ ಕಟ್ಟೆ ಮೇಲೆ ಕೂತು ಮೂರು ತೆನೆ ಎಣಿಸಿದೆವು. ಹದಿನಾಲ್ಕು, ಹದಿನಾರು, ಹದಿನಾಲ್ಕು.