ಕಡಲ ದಡದ ದಾರಿ ಎಂದರೆ ಸಮತಟ್ಟು, ತಂಪು, ಸುಲಭ: ದ್ವೀಪಗಳಲ್ಲಿ ಸೈಕಲ್ ತುಳಿಯುವವರ ಈ ನಂಬಿಕೆ ಎಷ್ಟು ನಿಜ?

ನಮ್ಮ ಚಿಕ್ಕಪ್ಪನಿಗೆ 58 ವರ್ಷ. ಮೈಸೂರಿನಲ್ಲಿ ದಿನಾ ಬೆಳಿಗ್ಗೆ 20 ಕಿಲೋಮೀಟರ್ ಸೈಕಲ್ ತುಳಿಯುತ್ತಾರೆ. ಚಾಮುಂಡಿ ಬೆಟ್ಟದ ಕಡೆ ಮಾತ್ರ ತಿರುಗಿಸುವುದಿಲ್ಲ, ಏರು ಬೇಡ ಎನ್ನುತ್ತಾರೆ. ಮಗ ಜಪಾನಿನಲ್ಲಿದ್ದಾನೆ. ಅವನನ್ನು ನೋಡಲು ಹೋದಾಗ ಶಿಮಾನಮಿ ಕೈಡೊ ಎಂಬ ಹೆಸರಾಂತ ಸೈಕಲ್ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುವ ಯೋಜನೆ ಅವರದು. "70 ಕಿಲೋಮೀಟರ್ ಆಗಲ್ವಾ ಚಿಕ್ಕಪ್ಪ?" ಎಂದು ಕೇಳಿದೆ. "ಎಲ್ಲ ಕಡಲ ದಡ ಕಣಮ್ಮ. ಏರಿಲ್ಲ, ತಣ್ಣಗೆ ಗಾಳಿ ಬೇರೆ. ಇಲ್ಲಿಗಿಂತ ಸುಲಭ" ಎಂದರು.

ಹೀಗೆ ನಂಬುವವರು ಅವರೊಬ್ಬರೇ ಅಲ್ಲ. ಈ ಮಾತಿನಲ್ಲಿ ಮೂರು ನಂಬಿಕೆಗಳಿವೆ. ಒಂದೊಂದನ್ನೇ ನೋಡೋಣ.

ಯಾವುದಿದು ದಾರಿ?

ಜಪಾನಿನ ದೊಡ್ಡ ದ್ವೀಪಗಳಾದ ಹೊನ್ಶೂ ಮತ್ತು ಶಿಕೊಕು ನಡುವೆ ಸೆಟೊ ಒಳಸಮುದ್ರವಿದೆ. ಹೊನ್ಶೂ ಬದಿಯ ಒನೊಮಿಚಿಯಿಂದ ಶಿಕೊಕು ಬದಿಯ ಇಮಾಬಾರಿಯವರೆಗೆ ಮುಕೈಶಿಮಾ, ಇನ್ನೊಶಿಮಾ, ಇಕುಚಿಜಿಮಾ, ಓಮಿಶಿಮಾ, ಹಕಾತಾಜಿಮಾ, ಓಶಿಮಾ ಎಂಬ ಆರು ದ್ವೀಪಗಳನ್ನು ದಾಟಿ ಹೋಗುವ ಸುಮಾರು 70 ಕಿ.ಮೀ. ದಾರಿಯೇ ಶಿಮಾನಮಿ ಕೈಡೊ. ಸೇತುವೆಗಳು ಒಂದೊಂದಾಗಿ ಕಟ್ಟಲ್ಪಟ್ಟು, 1999ರ ಮೇ ತಿಂಗಳಲ್ಲಿ ಪೂರ್ತಿ ದಾರಿ ತೆರೆಯಿತು. ಒನೊಮಿಚಿಯಿಂದ ಮೊದಲ ದ್ವೀಪಕ್ಕೆ ಸೈಕಲ್ ಸವಾರರು ಸಾಮಾನ್ಯವಾಗಿ ಕೆಲವೇ ನಿಮಿಷದ ದೋಣಿ ಪ್ರಯಾಣ ಮಾಡುತ್ತಾರೆ. ಅಲ್ಲಿಂದ ಮುಂದೆ ರಸ್ತೆಯ ಅಂಚಿನಲ್ಲಿ ಎಳೆದಿರುವ ನೀಲಿ ಗೆರೆಯನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ.

ನಂಬಿಕೆ 1: ಕಡಲ ದಡದಲ್ಲಿ ಏರು ಇರುವುದಿಲ್ಲ

ಅರ್ಧ ನಿಜ. ದ್ವೀಪದ ಅಂಚಿನ ರಸ್ತೆ ಬಹುಪಾಲು ಸಮತಟ್ಟಾಗಿಯೇ ಇದೆ. ಆದರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಸೇತುವೆ ಹತ್ತಬೇಕು. ಆ ಸೇತುವೆಗಳ ಕೆಳಗೆ ಹಡಗುಗಳು ಓಡಾಡುತ್ತವೆ. ಹಡಗಿಗೆ ಎತ್ತರ ಬೇಕು, ಆ ಎತ್ತರವನ್ನು ಸೈಕಲ್ ಸವಾರ ತನ್ನ ಕಾಲಿನಿಂದ ಏರಬೇಕು.

ಕೊನೆಯಲ್ಲಿ ಸಿಗುವ ಕುರುಶಿಮಾ ಜಲಸಂಧಿಯಲ್ಲಿ ಮೂರು ತೂಗುಸೇತುವೆಗಳು ಒಂದರ ಹಿಂದೆ ಒಂದು ನಿಂತಿವೆ. ಒಟ್ಟು ಉದ್ದ ಸುಮಾರು 4 ಕಿ.ಮೀ. ದೊಡ್ಡ ಹಡಗುಗಳು ಹಾಯಲೆಂದು ಇವುಗಳ ಕೆಳಗೆ 65 ಮೀಟರ್ ಜಾಗ ಬಿಟ್ಟಿದ್ದಾರೆ. ಅಂದರೆ ಸುಮಾರು 20 ಅಂತಸ್ತಿನ ಕಟ್ಟಡದ ಎತ್ತರ! ಸೈಕಲ್ ಸವಾರರಿಗೆಂದು ಮಾಡಿರುವ ಏರುದಾರಿಗಳ ಇಳಿಜಾರು ಸುಮಾರು ಶೇ. 3. ಅಂದರೆ 100 ಮೀಟರ್ ಮುಂದೆ ಹೋದರೆ 3 ಮೀಟರ್ ಮೇಲೆ. ನೀರಿನ ಮಟ್ಟದಿಂದ 65 ಮೀಟರ್ ಏರಲು ಈ ಲೆಕ್ಕದಲ್ಲಿ 2 ಕಿ.ಮೀ.ಗೂ ಹೆಚ್ಚು ದಾರಿ ಬೇಕು.

ಶೇ. 3 ಎಂದರೆ ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಕಾಲಿಗೆ ಅನ್ನಿಸುತ್ತದೆ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 90 ಕೆ.ಜಿ. ಎಂದುಕೊಳ್ಳೋಣ. ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 45 ವ್ಯಾಟ್ ಸಾಕು. ಅದೇ ವೇಗದಲ್ಲಿ ಶೇ. 3ರ ಏರು ಹತ್ತುವಾಗ ಗುರುತ್ವದ ವಿರುದ್ಧ ಇನ್ನೂ 110 ವ್ಯಾಟ್ ಬೇಕು. ಒಟ್ಟು ಕೆಲಸ ಮೂರು ಪಟ್ಟಿಗೂ ಹೆಚ್ಚು. ಹೀಗೆ ಹತ್ತಬೇಕಾದ ಸೇತುವೆಗಳು ದಾರಿಯುದ್ದಕ್ಕೂ ಆರು ಕಡೆ ಬರುತ್ತವೆ. ಓಶಿಮಾದಲ್ಲಿ ಸೇತುವೆಗೆ ಸಂಬಂಧವಿಲ್ಲದ ಏರುಗಳೂ ಇವೆ.

ನಂಬಿಕೆ 2: ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಬೆನ್ನುಗಾಳಿ, ಲೆಕ್ಕ ಸರಿಹೋಗುತ್ತದೆ

ಸರಿಹೋಗುವುದಿಲ್ಲ. 20 ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತೀರಿ ಎಂದುಕೊಳ್ಳಿ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿ.ಮೀ. ವೇಗದಲ್ಲಿ ಎರಡು ಗಂಟೆ. ಗಾಳಿಯಿರುವ ದಿನ ಹೋಗುವಾಗ ವೇಗ 15ಕ್ಕೆ ಇಳಿದು, ಬರುವಾಗ 25ಕ್ಕೆ ಏರಿತು ಎನ್ನೋಣ. ಸರಾಸರಿ 20 ತಾನೇ ಅನ್ನಿಸುತ್ತದೆ. ಆದರೆ ಹೋಗಲು 80 ನಿಮಿಷ, ಬರಲು 48 ನಿಮಿಷ. ಒಟ್ಟು 2 ಗಂಟೆ 8 ನಿಮಿಷ. ಕಾರಣ ಸರಳ: ನಿಧಾನವಾಗಿ ಹೋಗುವ ಭಾಗದಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ.

ಇಷ್ಟೇ ಆಗಿದ್ದರೆ ಪರವಾಗಿಲ್ಲ. ಗಾಳಿ ಒಡ್ಡುವ ತಡೆ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನೀವು 20ರಲ್ಲಿ ಹೋಗುತ್ತಿದ್ದು, ಎದುರಿನಿಂದ 20ರ ಗಾಳಿ ಬೀಸಿದರೆ ಮೈಗೆ ತಾಗುವ ಗಾಳಿಯ ವೇಗ 40. ವೇಗ ಎರಡು ಪಟ್ಟು, ತಡೆ ನಾಲ್ಕು ಪಟ್ಟು. ಗಾಳಿ ಪಕ್ಕದಿಂದ ಬೀಸಿದರೂ ನಷ್ಟವೇ. 20ರಲ್ಲಿ ಹೋಗುವಾಗ ನೇರ ಪಕ್ಕದಿಂದ 20ರ ಗಾಳಿ ಬಂದರೆ ಮುಂದಕ್ಕೆ ಹೋಗಲು ಇರುವ ಗಾಳಿಯ ತಡೆ ಸುಮಾರು 1.4 ಪಟ್ಟಾಗುತ್ತದೆ. ಹಾಗಾಗಿ ದ್ವೀಪವೊಂದನ್ನು ಸುತ್ತು ಹಾಕಿದರೆ, ಗಾಳಿ ತೊಂದರೆ ಕೊಡುವ ದಾರಿ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ.

ಸೇತುವೆಯ ಮೇಲೆ ಇದು ಇನ್ನೂ ಜೋರು. ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಹೆಚ್ಚು, ತಡೆಯಲು ಮರ, ಮನೆ, ಗುಡ್ಡ ಯಾವುದೂ ಇಲ್ಲ.

ಆದರೆ ಗಾಳಿಗೂ ಒಂದು ವೇಳಾಪಟ್ಟಿ ಇದೆ. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ, ಆ ಜಾಗಕ್ಕೆ ಕಡಲ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಇದು ಬಿರುಸಾಗುತ್ತದೆ. ರಾತ್ರಿ ನೆಲ ಬೇಗ ತಣಿದು, ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ. ದಿಕ್ಕು ಬದಲಾಗುವ ಮುಸ್ಸಂಜೆಯ ಹೊತ್ತಿನಲ್ಲಿ ಸೆಟೊ ಒಳಸಮುದ್ರದಲ್ಲಿ ಗಾಳಿ ಪೂರ್ತಿ ನಿಂತುಬಿಡುತ್ತದೆ. ಅದಕ್ಕೆ ಜಪಾನಿಯರು ಇಟ್ಟ ಹೆಸರು ಯೂನಾಗಿ. ಬೇಸಿಗೆಯ ಯೂನಾಗಿ ಸೆಖೆಗೆ ಹೆಸರುವಾಸಿ.

ನಂಬಿಕೆ 3: ತಣ್ಣನೆ ಗಾಳಿ ಇದ್ದರೆ ದೇಹಕ್ಕೆ ಬಿಸಿ ತಟ್ಟುವುದಿಲ್ಲ

ಮೂರರಲ್ಲಿ ಅಪಾಯದ ನಂಬಿಕೆ ಇದು. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಪೆಡಲ್‌ಗೆ ತಲುಪುವುದು ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಶಾಖ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು ಆರುವುದು, ಬೆವರು ಆರಲು ಮೈಮೇಲೆ ಗಾಳಿ ಹಾಯಬೇಕು. ಸಮತಟ್ಟಿನಲ್ಲಿ ಸೈಕಲ್ ಓಡುವ ವೇಗವೇ ಬೀಸಣಿಗೆಯಂತೆ ಕೆಲಸ ಮಾಡುತ್ತದೆ.

ಈಗ ಸೇತುವೆಯ ಏರನ್ನು ನೆನಪಿಸಿಕೊಳ್ಳಿ. ಕೆಲಸ ಹೆಚ್ಚಿತು, ಶಾಖವೂ ಅಷ್ಟೇ ಹೆಚ್ಚಿತು. ಆದರೆ ವೇಗ 8-10 ಕಿ.ಮೀ.ಗೆ ಇಳಿದು ಬೀಸಣಿಗೆ ನಿಧಾನವಾಯಿತು. ಬೆನ್ನುಗಾಳಿ ಇದ್ದರಂತೂ ಇನ್ನೂ ಕಷ್ಟ. ನಿಮ್ಮ ವೇಗದಲ್ಲೇ ಗಾಳಿಯೂ ಬರುತ್ತಿದ್ದರೆ ಮೈಗೆ ಗಾಳಿ ತಾಗುವುದೇ ಇಲ್ಲ. ದೇಹ ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲೇ ತಂಪು ಅತಿ ಕಡಿಮೆ.

ಇನ್ನೊಂದು ಮೋಸವೂ ಇದೆ. ಇಳಿಜಾರಿನಲ್ಲಿ ಬೆವರು ತಕ್ಷಣ ಆರಿಹೋಗುತ್ತದೆ. ಅಂಗಿ ಒಣಗಿರುವುದರಿಂದ ಬೆವರಿಲ್ಲ, ನೀರು ಬೇಡ ಅನ್ನಿಸುತ್ತದೆ. ನೀರು ಮಾತ್ರ ಮೈಯಿಂದ ಹೋಗುತ್ತಲೇ ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳೂ ಅಷ್ಟೇ. ಗಾಳಿ ತಣ್ಣಗಿದ್ದರೆ ಅವು ಕಡಿಮೆಯಾಗುವುದಿಲ್ಲ. ಉರಿ ಗೊತ್ತಾಗುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ.

ಯಾರು ಹೆಚ್ಚು ಎಚ್ಚರ ವಹಿಸಬೇಕು? ವಯಸ್ಸಾದವರು, ಹೃದಯದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಆ ಮಾತ್ರೆಗಳು ದೇಹದಿಂದ ನೀರು ಮತ್ತು ಉಪ್ಪನ್ನು ಹೊರಹಾಕುತ್ತವೆ, ಬೆವರೂ ಅದನ್ನೇ ಮಾಡುತ್ತದೆ. ಅಂಥವರು ಹೊರಡುವ ಮೊದಲೇ ವೈದ್ಯರ ಜೊತೆ ಮಾತಾಡಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಉಪ್ಪಿನ ಪಾನೀಯಗಳನ್ನೂ ಕೇಳದೆ ಕುಡಿಯಬಾರದು.

ಹಾಗಾದರೆ ಏನು ಮಾಡಬೇಕು?

• ಊರಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಗಂಟೆ ಸೈಕಲ್ ತುಳಿಯುವ ಮೊದಲು ಮತ್ತು ನಂತರ, ಬೆವರು ಒರೆಸಿಕೊಂಡು ತೂಕ ನೋಡಿ. ಏನೂ ಕುಡಿಯದೆ ಅರ್ಧ ಕೆ.ಜಿ. ಇಳಿದಿದ್ದರೆ ಸುಮಾರು ಅರ್ಧ ಲೀಟರ್ ನೀರು ಹೋಗಿದೆ ಎಂದರ್ಥ.
• ಬೆಳಿಗ್ಗೆ ಬೇಗ ಹೊರಡಿ. ಗಾಳಿ, ಬಿಸಿಲು ಎರಡೂ ಏರುವ ಮೊದಲು ಅರ್ಧ ದಾರಿ ಮುಗಿಯಲಿ.
• ಸೇತುವೆ ಹತ್ತುವಾಗ ಹಗುರ ಗೇರ್ ಹಾಕಿ, ಮಾತಾಡಲು ಆಗುವಷ್ಟು ನಿಧಾನವಾಗಿ ತುಳಿಯಿರಿ. ಇಳಿದು ತಳ್ಳಿಕೊಂಡು ಹೋದರೂ ಅವಮಾನವೇನಿಲ್ಲ.
• ನೀರು ಜೊತೆಗಿರಲಿ, ಬಾಯಾರಿದಾಗ ಕುಡಿಯಿರಿ. ಬೇಕಿಲ್ಲದಿದ್ದರೂ ಲೀಟರ್‌ಗಟ್ಟಲೆ ಬರಿನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯವಾಗಬಹುದು.
• ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ ಕಂಡರೆ ನೆರಳಲ್ಲಿ ನಿಲ್ಲಿ. ಜೊತೆಗಿರುವವರು ಗೊಂದಲದಿಂದ ಮಾತಾಡಿದರೆ ಅಥವಾ ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ಮೈಗೆ ನೀರು ಸುರಿದು ಗಾಳಿ ಬೀಸುತ್ತಾ ತಕ್ಷಣ ತುರ್ತು ನೆರವು ಕರೆಯಿರಿ. ಜಪಾನಿನಲ್ಲಿ ಆಂಬ್ಯುಲೆನ್ಸ್‌ಗೆ 119.

ಇಷ್ಟೆಲ್ಲ ಹೇಳಿದ್ದು ಹೋಗಬೇಡಿ ಎನ್ನಲು ಅಲ್ಲ. ಸಾಧಾರಣ ಆರೋಗ್ಯ ಇರುವವರು ಆರಾಮವಾಗಿ ಮಾಡಬಹುದಾದ ದಾರಿಯಿದು. ನಕ್ಷೆಯಲ್ಲಿ ಕಾಣುವ ದೂರವನ್ನು ನೋಡಿ ದಿನದ ಲೆಕ್ಕ ಹಾಕಬಾರದು ಅಷ್ಟೇ. ಏರೆಷ್ಟು, ಗಾಳಿ ಎತ್ತ, ಹೊತ್ತು ಯಾವುದು ಎಂಬುದೂ ಆ ಲೆಕ್ಕಕ್ಕೆ ಸೇರಬೇಕು.

ಚಿಕ್ಕಪ್ಪ ಲೆಕ್ಕವನ್ನೆಲ್ಲ ಕೇಳಿಸಿಕೊಂಡರು. ಈಗ ಅವರದು ಎರಡು ದಿನದ ಯೋಜನೆ. ಮೊದಲ ದಿನ ನಿಂಬೆ ತೋಟಗಳಿಗೆ ಹೆಸರಾದ ಇಕುಚಿಜಿಮಾದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಮುಂದಕ್ಕೆ. ಕಳೆದ ಭಾನುವಾರ ಅವರು ವೈದ್ಯರನ್ನು ಕಂಡು ಬಂದರು. ಈ ಭಾನುವಾರ ಸೈಕಲ್ಲನ್ನು ಮೊದಲ ಸಲ ಚಾಮುಂಡಿ ಬೆಟ್ಟದ ಕಡೆ ತಿರುಗಿಸಿದ್ದಾರೆ. ಅರ್ಧ ದಾರಿಯಿಂದ ವಾಪಸ್ ಬಂದರಂತೆ. ಅಷ್ಟು ಸಾಕು, ಅಭ್ಯಾಸ ಶುರುವಾಯಿತಲ್ಲ.